ಧಾನಿ ಬಣ್ಣದ ಗೋಡೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಬಣ್ಣ ಹೊಡೆಸಿ ನೋಡು’ ಎಂಬ ಮೂರನೆಯ ಮಾತನ್ನು ಯಾಕೆ ಸೇರಿಸಲಿಲ್ಲವೋ ತಿಳಿಯದು. ಬಹುಶಃ ಅವರ ಕಾಲಕ್ಕೆ ಅದೊಂದು ಸಮಸ್ಯೆಯೇ ಆಗಿರಲಿಲ್ಲ. ಸುಣ್ಣವಿತ್ತು. ಸುಣ್ಣ ಇನ್ನಷ್ಟು ಬೆಳ್ಳಗೆ ಕಾಣಲೆಂದು ಅದಕ್ಕೊಂದು ಚಿಟಿಕೆ ನೀಲಿ ಇತ್ತು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಇತ್ತು. ಹಬ್ಬಕ್ಕೆ ನಾಲ್ಕು ದಿನ ಮೊದಲು ಮನೆಮಂದಿಯೆಲ್ಲ ಸೇರಿ ಬಳಿದರೆ ಮುಗಿಯಿತು. ಈಗ ಹಾಗಲ್ಲ. ಬಣ್ಣದಂಗಡಿಗೆ ಹೋದರೆ ಸಾವಿರಾರು ಬಣ್ಣಗಳಿರುವ ಪುಸ್ತಕವೊಂದನ್ನು ಕೈಗಿಟ್ಟು ‘ನಿಧಾನಕ್ಕೆ ನೋಡಿ ಸಾರ್’ ಎನ್ನುತ್ತಾರೆ. ಅಷ್ಟು ಬಣ್ಣಗಳಲ್ಲಿ ಒಂದನ್ನು ಆರಿಸಿಕೊಳ್ಳುವುದೇ ಕಷ್ಟವೆಂದು ನೀವು ಭಾವಿಸಬಹುದು. ನಮ್ಮ ಕಷ್ಟ ಬೇರೆಯಾಗಿತ್ತು. ನಮ್ಮ ಮನೆಯಲ್ಲಿ ಎರಡೇ ನಿಮಿಷದಲ್ಲಿ ಬಣ್ಣ ಆಯ್ಕೆಯಾಗಿಬಿಟ್ಟಿತು. ಅದನ್ನು ಬೇಡವೆನ್ನಲು ಕಾರಣ ಹುಡುಕುವುದರಲ್ಲಿ ನಾವು ಎರಡು ವಾರ ಕಳೆದೆವು.

2023ರ ಮಾರ್ಚ್‌ನಲ್ಲಿ ಮೈಸೂರಿನ ಗೋಕುಲಂನಲ್ಲಿ ನಾವೊಂದು ಹಳೆಯ ಮನೆ ಕೊಂಡೆವು. ಇಪ್ಪತ್ತು ವರ್ಷಗಳ ಮೇಷ್ಟರ ಕೆಲಸದ ಉಳಿತಾಯ, ಬ್ಯಾಂಕಿನ ಸಾಲ, ಮನೆಯಾಕೆಯ ಒಡವೆ ಎಲ್ಲ ಸೇರಿ ಮೂವತ್ತು-ನಲವತ್ತರ ಸೈಟಿನಲ್ಲಿ ಎರಡು ಕೋಣೆ, ಒಂದು ಹಾಲು, ಅಂಗಳದಲ್ಲೊಂದು ಕರಿಬೇವಿನ ಮರ. ಕೊಳ್ಳುವ ಮುಂಚೆ ಬಾಡಿಗೆ ಮನೆಗಾಗಿ ಈ ಸುತ್ತಮುತ್ತ ಬಹಳ ಅಲೆದಿದ್ದೆವು. ಫೋನಿನಲ್ಲಿ ನಮ್ಮ ಕನ್ನಡ ಕೇಳಿ ‘ಇವತ್ತೇ ಬಂದು ನೋಡಿ ಸಾರ್’ ಎಂದವರು, ಹೆಸರು ಕೇಳಿದ ಮೇಲೆ ‘ನಮ್ಮ ಅಣ್ಣನ ಮಗ ಬರ್ತಾನಂತೆ, ಅವನಿಗೇ ಕೊಡಬೇಕಾಗಿದೆ’ ಎನ್ನುತ್ತಿದ್ದರು. ಮೈಸೂರಿನಲ್ಲಿ ಇಷ್ಟೊಂದು ಅಣ್ಣನ ಮಕ್ಕಳಿದ್ದಾರೆಂದು ನಮಗೆ ತಿಳಿದದ್ದು ಆಗಲೇ. ತಮಾಷೆಯೆಂದರೆ ಗೋಕುಲಂ ಹೊರಗಿನವರನ್ನು ಕಾಣದ ಬಡಾವಣೆಯೇನಲ್ಲ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದ ಮೇಲೆ, ಅಂದರೆ 2000ದ ದಶಕದ ಮೊದಲ ವರ್ಷಗಳಿಂದ, ಜಗತ್ತಿನ ಎಲ್ಲ ಮೂಲೆಗಳ ಜನ ಚಾಪೆ ಸುತ್ತಿಕೊಂಡು ಈ ಬೀದಿಗಳಲ್ಲಿ ಓಡಾಡಿದ್ದಾರೆ. ಮೇಲಂತಸ್ತಿನ ಮನೆಗಳನ್ನು ಅವರಿಗೆ ತಿಂಗಳ ಲೆಕ್ಕದಲ್ಲಿ ಕೊಟ್ಟು ನಾಲ್ಕು ಕಾಸು ಕಂಡವರು ಎಷ್ಟೋ ಮಂದಿ. ಏಳು ಸಮುದ್ರದಾಚೆಯವರಿಗೆ ತೆರೆಯುವ ಬಾಗಿಲು ಎಂಬತ್ತು ಕಿಲೋಮೀಟರು ಚಿಲ್ಲರೆ ದೂರದ ಚನ್ನಪಟ್ಟಣದವರಿಗೆ ತೆರೆಯುವುದು ಸ್ವಲ್ಪ ತಡವಾಗುತ್ತದೆ, ಅಷ್ಟೇ.

ಮನೆ ಮಾರಿದವರು ಮಾತ್ರ ನಮ್ಮ ಹೆಸರು ಕೇಳಿ ಹುಬ್ಬು ಸಹ ಎತ್ತಲಿಲ್ಲ. ನಿವೃತ್ತರಾದ ಹಿರಿಯರು, ಮಗನ ಬಳಿ ಬೆಂಗಳೂರಿಗೆ ಹೊರಟವರು. ನೀರು ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಕಿಟಕಿ ಮಳೆಗಾಲದಲ್ಲಿ ಉಬ್ಬಿಕೊಳ್ಳುತ್ತದೆ ಎಂದೆಲ್ಲ ವಿವರವಾಗಿ ಹೇಳಿಕೊಟ್ಟರು. ಹಾಲಿನ ಬಿಳಿ ಗೋಡೆಯ ಮೇಲೆ ಫೋಟೋಗಳನ್ನು ಇಳಿಸಿದ ಚೌಕಗಳು ಉಳಿದಿದ್ದವು. ಹೊಸಿಲಿಗೆ ವರ್ಷಾನುಗಟ್ಟಲೆ ಹಚ್ಚಿದ ಅರಿಶಿನ ಮರದೊಳಕ್ಕೇ ಇಳಿದುಹೋಗಿತ್ತು.

ರಂಜಾನ್ ಮುಗಿದ ಮೇಲೆ ಬಣ್ಣ ಹೊಡೆಸಿ, ಶಾಲೆ ಶುರುವಾಗುವುದರೊಳಗೆ ಮನೆ ಸೇರುವುದೆಂದು ತೀರ್ಮಾನವಾಯಿತು. ಅಂಗಡಿಯಿಂದ ತಂದ ಬಣ್ಣದ ಪುಸ್ತಕವನ್ನು ನಮ್ಮ ಮಗಳು ಬಿಡಿಸಿದವಳೇ ಒಂದು ಚೌಕದ ಮೇಲೆ ಬೆರಳಿಟ್ಟಳು. ‘ಅಬ್ಬಾ, ಇದು. ಬಾಳೆಯ ಸುಳಿ ಬಿಚ್ಚಿಕೊಳ್ಳುವಾಗ ಇರುತ್ತಲ್ಲ, ಹಾಗಿದೆ.’ ಕಣ್ಣು ಕೋರೈಸುವ ಹಳದಿ ಮಿಶ್ರಿತ ಹಸಿರು. ಪುಸ್ತಕದಲ್ಲಿ ಅದಕ್ಕೆ ನಿಂಬೆಯ ಹೆಸರಿರುವ ಏನೋ ಒಂದು ಇಂಗ್ಲಿಷ್ ಹೆಸರು ಕೊಟ್ಟಿದ್ದರು. ನಮ್ಮ ಮನೆಯಾಕೆ ಕನ್ನಡಕ ಹಾಕಿಕೊಂಡು ನೋಡಿ, ‘ನಿಂಬೆಯೂ ಅಲ್ಲ, ಎಂಥದ್ದೂ ಅಲ್ಲ. ಇದು ಧಾನಿ’ ಎಂದರು.

ಧಾನಿ! ಆ ಶಬ್ದ ಕೇಳಿ ಎಷ್ಟು ವರ್ಷಗಳಾಗಿದ್ದವು. ಚನ್ನಪಟ್ಟಣದ ಉರ್ದು ಪ್ರೈಮರಿ ಶಾಲೆಯಲ್ಲಿ ಬಣ್ಣಗಳಿಗೆ ನಾವು ಕಲಿತ ಹೆಸರುಗಳೇ ಬೇರೆ. ಹಸಿರೆಂದರೆ ಬರಿಯ ಸಬ್ಜ್ ಅಲ್ಲ. ದ್ರಾಕ್ಷಿಯ ಹಸಿರು ಅಂಗೂರಿ, ಪಾಚಿಯ ಹಸಿರು ಕಾಹಿ, ಪಿಸ್ತಾದ್ದು ಪಿಸ್ತಯಿ, ಧಾನ್ ಅಂದರೆ ಭತ್ತದ ಎಳೆ ಪೈರಿನದು ಧಾನಿ. ಐದನೆಯ ತರಗತಿಗೆ ಕನ್ನಡ ಶಾಲೆಗೆ ಬಂದಾಗ ಗಿಳಿಹಸಿರು, ಎಲೆಹಸಿರು, ಹುಲ್ಲುಹಸಿರುಗಳು ಸಿಕ್ಕವು. ಮಂಡ್ಯದ ಕಡೆ ಬಸ್ಸಿನಲ್ಲಿ ಹೋಗುವಾಗ ಗದ್ದೆಯ ಮೂಲೆಯಲ್ಲಿ ಭತ್ತದ ಒಟ್ಟಲು ಕಂಡರೆ ನಮಗೆ ಎರಡು ಶಾಲೆಗಳೂ ಒಟ್ಟಿಗೇ ನೆನಪಾಗುತ್ತಿದ್ದವು. ನಾಟಿಗೆ ಸಿದ್ಧವಾದ ಆ ಸಸಿಗಳ ಬಣ್ಣವನ್ನು ಹಳದಿ ಎನ್ನಲಾಗದು, ಹಸಿರು ಎನ್ನಲೂ ಆಗದು.

ಇಷ್ಟೆಲ್ಲ ಪ್ರೀತಿ ಇದ್ದರೂ ನಾವು ಹೇಳಿದ್ದು, ‘ಹಾಲಿಗೆ ಬೇಡ, ಕೆನೆ ಬಣ್ಣ ಇರಲಿ’ ಎಂದು. ಯಾಕೆ ಎಂದು ಇಬ್ಬರೂ ಕೇಳಿದರು. ಕಾರಣ ಹುಡುಕುವ ನಮ್ಮ ಕೆಲಸ ಅಲ್ಲಿಂದ ಆರಂಭವಾಯಿತು.

ಮೊದಲ ಕಾರಣ ಇತಿಹಾಸದಿಂದ ಸಿಕ್ಕಿತು. 1775ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ ಎಂಬವನು ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಹಳದಿ ಛಾಯೆಯ ಒಂದು ಹೊಳೆಯುವ ಹಸಿರನ್ನು ತಯಾರಿಸಿದ. ಅಗ್ಗದ ಬಣ್ಣ, ಮೋಹಕ ಬಣ್ಣ. ಹತ್ತೊಂಬತ್ತನೆಯ ಶತಮಾನದ ಯುರೋಪು ಅದನ್ನು ಗೋಡೆಕಾಗದಕ್ಕೆ, ಬಟ್ಟೆಗೆ, ಮಕ್ಕಳ ಆಟದ ಸಾಮಾನಿಗೆಲ್ಲ ಬಳಿಯಿತು. ತೇವ ಹಿಡಿದ ಗೋಡೆಗಳಲ್ಲಿ ಬೂಷ್ಟು ಬೆಳೆದು ಆ ಬಣ್ಣದಿಂದ ವಿಷಾನಿಲ ಹೊರಡುತ್ತದೆಂದು ಇಟಲಿಯ ಗೋಸಿಯೊ ಎಂಬ ವಿಜ್ಞಾನಿ 1890ರ ದಶಕದಲ್ಲಿ ತೋರಿಸಿದ. ನೆಪೋಲಿಯನ್ ಕೊನೆಯುಸಿರೆಳೆದ ಸೇಂಟ್ ಹೆಲೆನಾದ ಮನೆಯ ಗೋಡೆಕಾಗದದಲ್ಲೂ ಆರ್ಸೆನಿಕ್ ಸಿಕ್ಕಿದೆ. ಅವನ ಸಾವಿಗೆ ಅದೇ ಕಾರಣವೆಂದು ಮಾತ್ರ ಸಾಬೀತಾಗಿಲ್ಲ. ಈ ಕಥೆಯನ್ನು ನಾವು ಊಟದ ಹೊತ್ತಿನಲ್ಲಿ ಗಂಭೀರವಾಗಿ ಹೇಳಿದೆವು. ‘ಈಗಿನ ಡಬ್ಬಿಯಲ್ಲಿ ಆರ್ಸೆನಿಕ್ ಇದೆಯಾ?’ ಎಂದು ಮಗಳು ಕೇಳಿದಳು. ಇಲ್ಲ ಎನ್ನಬೇಕಾಯಿತು.

ಎರಡನೆಯದು ಸೀಸದ ಕಾರಣ. ಇದು ಸುಳ್ಳಲ್ಲ. ಹಿಂದೆ ಕಿಟಕಿ ಬಾಗಿಲುಗಳ ಎಣ್ಣೆಬಣ್ಣಗಳಿಗೆ ಆ ಉಜ್ವಲ ಹಳದಿ ಬರುತ್ತಿದ್ದದ್ದು ಸೀಸದ ಕ್ರೋಮೇಟಿನಿಂದ. ಅದಕ್ಕೆ ನೀಲಿ ಸೇರಿಸಿದರೆ ಹಸಿರು. ಬಣ್ಣ ಚಕ್ಕೆಯೆದ್ದು ಉದುರಿ, ಆ ಧೂಳು ಮಕ್ಕಳ ಹೊಟ್ಟೆ ಸೇರಿದರೆ ಮೆದುಳಿನ ಬೆಳವಣಿಗೆಗೇ ಕುತ್ತು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚಿರಬಾರದೆಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಅಂಗಡಿಯವರು ಡಬ್ಬಿಯ ಮೇಲೆ ಅಚ್ಚಾದ ಸಾಲನ್ನು ತೋರಿಸಿದರು. ಆದರೂ ಒಂದು ಪ್ರಯೋಜನವಾಯಿತು. ಹಳೆಯ ಕಿಟಕಿಗಳ ಬಣ್ಣವನ್ನು ಒಣಗಿದಂತೆಯೇ ಉಜ್ಜದೆ, ನೀರು ಹಚ್ಚಿ ಉಜ್ಜಿಸಿ, ಆ ಕಸವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಸಿದೆವು. ಹಳೆಯ ಮನೆಗೆ ಬಣ್ಣ ಹೊಡೆಸುವವರು ಇದನ್ನು ನೆನಪಿಡಬೇಕು. ಹೊಸ ಡಬ್ಬಿಗಿಂತ ಹೆಚ್ಚು ಭಯಪಡಬೇಕಾದ್ದು ಹಳೆಯ ಚಕ್ಕೆಗೆ.

ಮೂರನೆಯ ಕಾರಣವನ್ನು ಪೇಂಟರ್ ಕೈಯಲ್ಲಿ ಹೇಳಿಸಲು ನೋಡಿದೆವು. ‘ಇಷ್ಟು ಗಾಢ ಬಣ್ಣ ಕಣ್ಣಿಗೆ ಹೊಡೆಯೋದಿಲ್ವೇನಪ್ಪಾ?’ ಎಂದರೆ ಅವರು ತಲೆ ತುರಿಸಿಕೊಂಡು, ‘ನಾಲ್ಕು ಗೋಡೆಗೂ ಹೊಡೆದ್ರೆ ಹೊಡೀತದೆ ಸಾರ್. ಒಂದು ಗೋಡೆ ಮೇಲಿನ ಬಣ್ಣ ಇನ್ನೊಂದರ ಮೇಲೆ ಬಿದ್ದು ಎರಡರಷ್ಟು ಕಾಣ್ತದೆ. ಕೂತವರ ಮುಖವೂ ಕಾಮಾಲೆ ಬಂದಂಗೆ ಕಾಣ್ತದೆ. ಒಂದೇ ಗೋಡೆಗೆ ಹೊಡೀರಿ, ಮಿಕ್ಕ ಮೂರಕ್ಕೆ ಬಿಳಿ ಇರ್ಲಿ’ ಎಂದರು. ಪುಸ್ತಕದ ಚೌಕದಲ್ಲಿ ಕಂಡದ್ದಕ್ಕಿಂತ ಗೋಡೆಯಲ್ಲಿ ಗಾಢವಾಗಿಯೇ ಕಾಣುವುದರಿಂದ ಒಂದು ಮೆಟ್ಟಿಲು ತಿಳಿಯಾದದ್ದನ್ನು ಆರಿಸಿ ಎಂದೂ, ಎರಡಡಿ ಚೌಕ ಬಳಿದುಕೊಡುತ್ತೇನೆ, ಬೆಳಗಿನ ಬಿಸಿಲಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ ಆಮೇಲೆ ಹೇಳಿ ಎಂದೂ ಸೇರಿಸಿದರು. ನಮ್ಮ ಕೊನೆಯ ಸಾಕ್ಷಿಯೂ ಹೀಗೆ ಎದುರು ಪಕ್ಷಕ್ಕೆ ಸೇರಿತು.

ಆ ರಾತ್ರಿ ಮನೆಯಾಕೆ ನೇರವಾಗಿಯೇ ಕೇಳಿದರು. ‘ನೀವು ಹೆದರ್ತಿರೋದು ಸೀಸಕ್ಕಲ್ಲ. ಯಾರಿಗೆ ಅಂತ ಹೇಳಿ.’

ಹೇಳಲೇಬೇಕಾಯಿತು. ಹಾಲಿನ ಆ ಗೋಡೆ ಮುಂಬಾಗಿಲಿಗೆ ಎದುರಿಗಿದೆ. ಬಾಗಿಲು ತೆರೆದರೆ ಬೀದಿಗೆ ಕಾಣುತ್ತದೆ. ಹಸಿರು ಕಂಡರೆ ಜನ ಏನೆಂದುಕೊಳ್ಳುತ್ತಾರೆ? ಬಂದು ಇನ್ನೂ ತಿಂಗಳಾಗಿಲ್ಲ, ಬಾವುಟ ಹಾರಿಸಿಬಿಟ್ಟರು ಎನ್ನುವುದಿಲ್ಲವೆ? ನಮ್ಮ ಭಯ ಆಕಾಶದಿಂದ ಉದುರಿದ್ದಲ್ಲ. 2022ರ ಆರಂಭದಲ್ಲಿ ನಮ್ಮ ರಾಜ್ಯದ ಕಾಲೇಜುಗಳ ಗೇಟಿನಲ್ಲಿ ಹದಿನೇಳು ಹದಿನೆಂಟರ ಮಕ್ಕಳು ತಲೆವಸ್ತ್ರದ ಒಂದು ಗುಂಪು, ಕೇಸರಿ ಶಾಲಿನ ಇನ್ನೊಂದು ಗುಂಪಾಗಿ ಎದುರುಬದುರು ನಿಂತದ್ದನ್ನು ಕಂಡಿದ್ದೆವು. ಅದೇ ವರ್ಷದ ನವೆಂಬರ್‌ನಲ್ಲಿ ಮೈಸೂರಿನ ಊಟಿ ರಸ್ತೆಯ ಬಸ್ ತಂಗುದಾಣದ ಗುಮ್ಮಟಗಳು ಮಸೀದಿಯಂತೆ ಕಾಣುತ್ತವೆಂದು ಆಗಿನ ಸಂಸದರು ಆಕ್ಷೇಪವೆತ್ತಿದರು. ಅದನ್ನು ಕಟ್ಟಿಸಿದ ಶಾಸಕರು ಅದೇ ಪಕ್ಷದವರು. ಇದು ಅರಮನೆಯ ಮಾದರಿ ಎಂದು ಅವರು ಹೇಳಿದರೂ ಕೊನೆಗೆ ಎರಡು ಸಣ್ಣ ಗುಮ್ಮಟಗಳನ್ನು ತೆಗೆದು, ಉಳಿದ ನಡುವಿನದಕ್ಕೆ ಕೆಂಪು ಬಣ್ಣ ಬಳಿಯಲಾಯಿತು. ಬಸ್ಸಿಗೆ ಕಾಯುವವರ ನೆತ್ತಿಯ ಮೇಲಿನ ಸಿಮೆಂಟಿಗೇ ಬಣ್ಣದಿಂದ ಬಿಡುಗಡೆಯಿಲ್ಲದ ಮೇಲೆ ನಮ್ಮ ಹಾಲಿನ ಗೋಡೆಯ ಪಾಡೇನು?

ಮನೆಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಾಗಾದರೆ ಅಂಗಳದ ಕರಿಬೇವಿನ ಮರಕ್ಕೂ ಕೆನೆ ಬಣ್ಣ ಹೊಡೆಸಿ’ ಎಂದು ಹೇಳಿ ದೀಪ ಆರಿಸಿ ಮಲಗಿದರು.

ನಮಗೆ ನಿದ್ದೆ ಬರಲಿಲ್ಲ. ಹಸಿರಿನ ವಾರಸುದಾರರು ಯಾರು ಯಾರೆಂದು ಲೆಕ್ಕ ಹಾಕುತ್ತ ಮಲಗಿದ್ದೆವು. ಸ್ವರ್ಗದವರ ಉಡುಪು ಹಸಿರೆಂದು ಕುರ್‌ಆನ್‌ನಲ್ಲಿದೆ, ದರ್ಗಾಗಳ ಚಾದರ ಹಸಿರು, ಸರಿ. ಆದರೆ 1980ರಲ್ಲಿ ಹುಟ್ಟಿದ ರೈತ ಸಂಘದ ಶಾಲು? ಪ್ರೊ. ನಂಜುಂಡಸ್ವಾಮಿಯವರ ಹೆಗಲ ಮೇಲಿನ ಆ ಹಸಿರನ್ನು ಕಂಡು ಅಧಿಕಾರಿಗಳು ಎದ್ದು ನಿಲ್ಲುತ್ತಿದ್ದ ಕಾಲವಿತ್ತು. ಮದುವೆಯ ಹೆಣ್ಣಿಗೆ ತೊಡಿಸುವ ಹಸಿರು ಗಾಜಿನ ಬಳೆ ಯಾವ ಮತದ್ದು? ಹಿಂದೂ ಮನೆಯಲ್ಲೂ ತೊಡಿಸುತ್ತಾರೆ, ನಮ್ಮ ಮನೆಗಳಲ್ಲೂ ತೊಡಿಸುತ್ತಾರೆ. ಬಳೆಗಾರ ಒಂದೇ ಮಲಾರದಿಂದ ತೆಗೆದು ಇಬ್ಬರಿಗೂ ಕೊಡುತ್ತಾನೆ. ಹಳದಿಯ ಕಥೆಯೂ ಅಷ್ಟೆ. ಅರಿಶಿನ ಹಚ್ಚದೆ ನಮ್ಮಲ್ಲಿ ಎಷ್ಟು ಮದುವೆ ನಡೆದಿವೆ? ದೆಹಲಿಯ ನಿಜಾಮುದ್ದೀನ್ ದರ್ಗಾದಲ್ಲಿ ವಸಂತ ಪಂಚಮಿಯ ದಿನ ಇಂದಿಗೂ ಕವ್ವಾಲರು ಹಳದಿ ಧರಿಸಿ, ಸಾಸಿವೆಯ ಹೂ ಹಿಡಿದು ಹಾಡುತ್ತಾರೆ. ಅಮೀರ್ ಖುಸ್ರೋ ಹಾಕಿಕೊಟ್ಟ ಪದ್ಧತಿಯೆಂದು ಅವರ ನಂಬಿಕೆ. ಇದೆಲ್ಲ ನಮಗೆ ಗೊತ್ತಿತ್ತು. ಭಾಷಣಗಳಲ್ಲಿ ನಾವೇ ಹೇಳಿದ್ದೂ ಉಂಟು. ಆದರೆ ಸ್ವಂತ ಗೋಡೆಯ ಮುಂದೆ ನಿಂತಾಗ ಬಣ್ಣಕ್ಕೆ ಮೊದಲು ಧರ್ಮ ಹಚ್ಚಿದವರು ನಾವೇ. ಬೀದಿಯವರಿನ್ನೂ ಬಾಯಿ ಬಿಟ್ಟಿರಲಿಲ್ಲ.

ಬೆಳಿಗ್ಗೆ ಚನ್ನಪಟ್ಟಣದಿಂದ ಅಬ್ಬಾ ಬಂದರು. ನಲವತ್ತು ವರ್ಷ ಆಟಿಕೆಯ ಲೇತಿನ ಮುಂದೆ ಕೂತವರು. ಹದವಾಗಿ ಒಣಗಿದ ಆಲೆ ಮರದ ತುಂಡನ್ನು ತಿರುಗಿಸುತ್ತ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಕನ್ನಡಿಯಂಥ ಹೊಳಪು. ಬುಗುರಿ, ಗಿಲಕಿ, ಗಿಳಿ ಎಲ್ಲವೂ ಆ ಕೈಯಿಂದ ಬಂದವು. ಹಳಬರು ಅರಗಿಗೆ ಅರಿಶಿನ ಹಾಕಿ ಹಳದಿ, ಅರಿಶಿನಕ್ಕೆ ನೀಲಿ ಸೇರಿಸಿ ಹಸಿರು ಮಾಡುತ್ತಿದ್ದರಂತೆ. ನೀಲಿ ಕಡಿಮೆಯಾದರೆ ಗಿಳಿಯ ಬಣ್ಣ, ಹೆಚ್ಚಾದರೆ ಎಲೆಯ ಬಣ್ಣ. ಅಬ್ಬಾ ಮಾಡಿದ ಗಿಳಿಗಳು ದಸರೆಯಲ್ಲಿ ಎಷ್ಟು ಮನೆಗಳ ಗೊಂಬೆ ಮೆಟ್ಟಿಲೇರಿದವೋ ಲೆಕ್ಕವಿಲ್ಲ. ಇಷ್ಟಾದರೂ ನಾವು ಬೆಳೆದ ಮನೆಯ ಗೋಡೆ ಮಾತ್ರ ಬರಿಯ ಸುಣ್ಣದ್ದು. ಚಿಕ್ಕಂದಿನಲ್ಲಿ ಒಮ್ಮೆ ಯಾಕೆಂದು ಕೇಳಿದಾಗ, ‘ಬಣ್ಣ ಮಾರೋದಕ್ಕೆ ಬೇಟಾ, ಬಳ್ಕೊಳ್ಳೋದಕ್ಕಲ್ಲ’ ಎಂದಿದ್ದರು.

ಅಬ್ಬಾನ ಕೈಗೆ ಬಣ್ಣದ ಪುಸ್ತಕ ಕೊಟ್ಟೆವು. ಅವರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ‘ನೀಲಿ ಕಮ್ಮಿ ಬಿದ್ದ ಬಣ್ಣ ಇದು. ಗಿಳಿಗೆ ಸರಿಹೋಗುತ್ತೆ’ ಎಂದರು. ಅದನ್ನು ಹೊಡೆಸುವುದೋ ಬಿಡುವುದೋ ಎಂದು ಅವರು ಹೇಳಲಿಲ್ಲ. ಮೊಮ್ಮಗಳು ಅದನ್ನೇ ಒಪ್ಪಿಗೆ ಎಂದು ಘೋಷಿಸಿದಳು.

ಮೇ ಮೊದಲ ವಾರ ಕೆಲಸ ಆರಂಭವಾಯಿತು. ಉಜ್ಜುಕಾಗದ, ಪುಟ್ಟಿ, ಮತ್ತೆ ಉಜ್ಜುಕಾಗದ, ಪ್ರೈಮರ್. ಪೇಂಟರ್ ಮತ್ತು ಅವರ ಜೊತೆಯ ಹುಡುಗ ಕೋಲಾರದ ಕಡೆಯವರು. ತಮ್ಮೊಳಗೆ ತೆಲುಗು ಮಾತಾಡುತ್ತಿದ್ದರು. ಡಬ್ಬಿಯ ಮುಚ್ಚಳ ತೆರೆದಾಗ ಹುಡುಗ ‘ಪಚ್ಚ’ ಎಂದ. ಹಸಿರೋ ಹಳದಿಯೋ ಎಂದು ಕೇಳಿದೆವು. ತೆಲುಗಿನಲ್ಲಿ ಎರಡಕ್ಕೂ ಪಚ್ಚ ಎನ್ನಬಹುದಂತೆ. ಎಲೆಯದಾದರೆ ಆಕುಪಚ್ಚ, ಅರಿಶಿನದ್ದಾದರೆ ಪಸುಪುಪಚ್ಚ. ನಮಗೆ ಭಾಷಾಶಾಸ್ತ್ರದ ಪಾಠ ನೆನಪಾಯಿತು. ಹಳಗನ್ನಡದ ‘ಪಸಿರ್’ ನಮ್ಮಲ್ಲಿ ಹಸಿರಾಯಿತು. ಅದೇ ದ್ರಾವಿಡ ಮೂಲದಿಂದ ತೆಲುಗಿನಲ್ಲಿ ‘ಪಸುಪು’ ಬಂದು ಅರಿಶಿನವಾಯಿತು. ಕೋಲಾರದ ಆಚೆ ದಾಟುವಷ್ಟರಲ್ಲಿ ಒಂದೇ ಬೇರಿನ ಶಬ್ದ ಹಸಿರಿನಿಂದ ಹಳದಿಗೆ ಹೊರಳಿಕೊಂಡಿದೆ. ಅಂದಮೇಲೆ ಯಾವುದು ಯಾರದ್ದೆಂದು ಗೆರೆ ಎಳೆಯುವವರು ಆ ಗೆರೆಯನ್ನು ಎಲ್ಲಿ ಎಳೆಯುತ್ತಾರೆ?

ಮೇ 10ರಂದು ವಿಧಾನಸಭೆಯ ಮತದಾನ. ಅಂದು ಕೆಲಸಕ್ಕೆ ರಜೆ. ಮರುದಿನ ಎರಡನೆಯ ಕೋಟು ಹೊಡೆಯಲು ರೋಲರ್ ಹಿಡಿದ ಪೇಂಟರ್ ಬೆರಳಿನಲ್ಲಿ ಶಾಯಿಯ ಕಪ್ಪು ಗೆರೆ. ನಮ್ಮ ಬೆರಳಿನಲ್ಲೂ, ಮನೆಯಾಕೆಯ ಬೆರಳಿನಲ್ಲೂ ಅದೇ ಗೆರೆ. ಆ ಶಾಯಿ ನಮ್ಮ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದನ್ನು ಸ್ಥಾಪಿಸಿದರು. ಈಗ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಂದಲೇ ಹೋಗುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ, ಬೆಳಕು ಬಿದ್ದರೆ ಗಾಢವಾಗುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಅರಗಿನ ಕಾರ್ಖಾನೆಯೆಂದು ಕೇಳಿದ ಅಬ್ಬಾ ತಮ್ಮ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಚನ್ನಪಟ್ಟಣದಲ್ಲಿ ಮತ ಹಾಕಿ ಸಂಜೆಯ ಬಸ್ಸಿಗೆ ವಾಪಸು ಬಂದಿದ್ದರು.

ಗೋಡೆ ಮುಗಿಯಿತು. ನಿಜ ಹೇಳಬೇಕೆಂದರೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಪ್ರಕಾಶಮಾನವಾಗಿ ಬಂತು. ಹಗಲಿನ ಬೆಳಕಿನಲ್ಲಿ ಮನುಷ್ಯನ ಕಣ್ಣು ಎಲ್ಲ ಬಣ್ಣಗಳಿಗಿಂತ ಹೆಚ್ಚು ಚುರುಕಾಗಿ ಗ್ರಹಿಸುವುದು ಹಳದಿ-ಹಸಿರಿನ ಈ ಭಾಗವನ್ನೇ. 555 ನ್ಯಾನೋಮೀಟರ್ ತರಂಗಾಂತರದ ಸುತ್ತಮುತ್ತ ಎಂದು ವಿಜ್ಞಾನದ ಪುಸ್ತಕಗಳು ಹೇಳುತ್ತವೆ. ರಸ್ತೆ ಕೆಲಸದವರು ಹೊಳೆಯುವ ಆ ಬಣ್ಣದ ಕೋಟು ಹಾಕಿಕೊಳ್ಳುವುದು ಅದಕ್ಕೇ. ಟಿವಿಯಲ್ಲಿ ಚೆನ್ನಾಗಿ ಕಾಣಲೆಂದು 1972ರಲ್ಲಿ ಟೆನಿಸ್ ಚೆಂಡಿಗೂ ಇಂಥದ್ದೇ ಬಣ್ಣ ಬಂತು. ನಿಯಮದ ಪುಸ್ತಕ ಅದನ್ನು ಹಳದಿ ಎನ್ನುತ್ತದೆ, ನೋಡುವವರಲ್ಲಿ ಎಷ್ಟೋ ಮಂದಿ ಹಸಿರು ಎನ್ನುತ್ತಾರೆ, ಜಗಳ ಇನ್ನೂ ಮುಗಿದಿಲ್ಲ. ಬೀದಿಯವರಿಗೆ ಕಾಣಬಾರದೆಂದು ಪ್ರಾರ್ಥಿಸಿದ್ದ ನಮಗೆ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಕಾಣುವ ಬಣ್ಣವೇ ಸಿಕ್ಕಿತ್ತು. ನಾವೊಂದು ಉಪಾಯ ಮಾಡಿದೆವು. ಸೊಳ್ಳೆ ಬರುತ್ತದೆಂದು ಹೇಳಿ ಮುಂಬಾಗಿಲಿಗೆ ದಪ್ಪನೆಯ ಪರದೆಯೊಂದನ್ನು ಹಾಕಿಸಿದೆವು. ಮನೆಯಾಕೆ ಪರದೆಯನ್ನೂ ನಮ್ಮ ಮುಖವನ್ನೂ ನೋಡಿದರು, ಏನೂ ಹೇಳಲಿಲ್ಲ.

ಪರದೆಗಳಿಂದ ಏನೂ ನಿಲ್ಲುವುದಿಲ್ಲ. ಎದುರು ಮನೆಯ ಅಜ್ಜಿ ಹಾಲು ಉಕ್ಕಿಸಿದ ದಿನವೇ ಹೂವು ಹಣ್ಣು ತೆಗೆದುಕೊಂಡು ಬಂದರು. ಕುರ್ಚಿಯಲ್ಲಿ ಕೂತು ಗೋಡೆ ನೋಡಿದರು. ‘ನಿಮ್ಮ ಬಣ್ಣವೇ ಹೊಡೆಸಿಬಿಟ್ರಾ ಮೇಷ್ಟ್ರೇ, ಚೆನ್ನಾಗಿದೆ, ಹಸಿರು ತಂಪು’ ಎಂದರು. ಎರಡು ಲೋಟ ಪಾನಕ ಕುಡಿದು ಹೋದರು. ‘ನಿಮ್ಮ ಬಣ್ಣ’ ಎಂದರೆ ನೀವು ಇಷ್ಟಪಟ್ಟ ಬಣ್ಣ ಎಂದೋ, ನಿಮ್ಮವರ ಬಣ್ಣ ಎಂದೋ? ಆ ಎರಡು ಶಬ್ದಗಳನ್ನು ನಾವು ಕತೆಗಾರರ ಬುದ್ಧಿಯಿಂದ ಮೂರು ದಿನ ತಿರುವಿ ಹಾಕಿದೆವು. ಅಜ್ಜಿಯನ್ನು ಕೇಳಬಹುದಿತ್ತು, ಕೇಳಲಿಲ್ಲ.

ಮುಂದಿನ ಭಾನುವಾರ ಚನ್ನಪಟ್ಟಣದಿಂದ ನೆಂಟರು ಬಂದರು. ನಮ್ಮ ಖಾಲು ಒಳಗೆ ಕಾಲಿಟ್ಟವರೇ, ‘ಇದೇನು ಗೋಡೆಗೆಲ್ಲ ಅರಿಶಿನ ಬಳಿದಿದ್ದೀಯಾ? ಗೋಕುಲಂಗೆ ಬಂದ ಮೇಲೆ ಅವರ ಹಾಗೇ ಆಗಿಬಿಟ್ಟೆ’ ಎಂದರು. ನಗುತ್ತಲೇ ಅಂದರು, ಆದರೆ ಬರಿಯ ನಗೆಯಲ್ಲ ಎಂದು ನಮಗೆ ಗೊತ್ತಾಯಿತು. ಹೊಸಿಲಿನ ಅರಿಶಿನವನ್ನು ಯಾಕೆ ಕೆರೆಸಿಲ್ಲ ಎಂದೂ ಕೇಳಿದರು. ‘ಅದು ಆ ಮನೆಯಮ್ಮ ಇಪ್ಪತ್ತೈದು ವರ್ಷ ಹಚ್ಚಿದ್ದು ಖಾಲು, ಕೆರೆದರೂ ಹೋಗೋದಿಲ್ಲ’ ಎಂದು ಮನೆಯಾಕೆ ಒಳಗಿನಿಂದಲೇ ಉತ್ತರ ಕೊಟ್ಟರು. ಕೆರೆಸಿ ನೋಡಿರಲೇ ಇಲ್ಲ ಎಂಬುದನ್ನು ನಾವೂ ಹೇಳಲಿಲ್ಲ.

ಅದೇ ಗೋಡೆ, ಅದೇ ಕುರ್ಚಿ. ಅಜ್ಜಿಗೆ ಹಸಿರು ಕಂಡಿತು, ಖಾಲುಗೆ ಹಳದಿ ಕಂಡಿತು. ಇಬ್ಬರಿಗೂ ಕಂಡದ್ದು ತಮ್ಮದಲ್ಲದ ಬಣ್ಣ. ನಾವು ಅಂದು ಹೊಟ್ಟೆ ಹಿಡಿದುಕೊಂಡು ನಕ್ಕೆವು. ರಾತ್ರಿ ಯೋಚಿಸಿದಾಗ ನಗು ಬರಲಿಲ್ಲ. ಎರಡೂ ಕಡೆಯವರಿಗೆ ಲೆಕ್ಕ ಒಪ್ಪಿಸುತ್ತ ಬದುಕುವುದು ಎಷ್ಟು ಅಭ್ಯಾಸವಾಗಿದೆಯೆಂದರೆ, ನಮಗೆ ಆ ಗೋಡೆ ಯಾವ ಬಣ್ಣದ್ದಾಗಿ ಕಾಣುತ್ತಿದೆ ಎಂದು ನಾವೇ ಒಮ್ಮೆಯೂ ನೋಡಿರಲಿಲ್ಲ.

ಅಬ್ಬಾ ನಮ್ಮಲ್ಲೇ ಉಳಿದರು. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾಳೆ ನಾಡಿದ್ದು ಎಂದು ದೂಡುತ್ತ ಬಂದು 2024ರ ಜನವರಿಯಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತ ಹೋಗುತ್ತದೆ, ನೀಲಿ ಬೆಳಕು ಒಳಗೆ ಇಳಿಯುವುದು ಕಡಿಮೆಯಾಗುತ್ತದೆ, ಲೋಕವೆಲ್ಲ ಹಳೆಯ ಕಾಗದದಂತೆ ಕಾಣುತ್ತದೆ ಎಂದು ವೈದ್ಯರು ವಿವರಿಸಿದರು. ಆದದ್ದು ನಿಧಾನವಾಗಿಯಾದ್ದರಿಂದ ಅಬ್ಬಾಗೆ ಅದರ ಅರಿವೇ ಇರಲಿಲ್ಲ.

ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಹಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು, ಮತ್ತೆ ಅದನ್ನು ಮುಚ್ಚಿ ಇದನ್ನು ತೆರೆದು ಮಗುವಿನಂತೆ ಆಟವಾಡುತ್ತಿದ್ದರು. ‘ಈ ಕಣ್ಣಿಗೆ ಹಳದಿ. ಈ ಕಣ್ಣಿಗೆ ಹಸಿರು’ ಎಂದರು. ‘ಇಷ್ಟು ದಿನ ನೀನು ಗೋಡೆಗೆ ಅರಿಶಿನ ಬಳಿಸಿದ್ದೀಯ ಅಂತಲೇ ಅಂದ್ಕೊಂಡಿದ್ದೆ ಬೇಟಾ.’

‘ಹಾಗಾದ್ರೆ ಅವತ್ತೇ ಯಾಕೆ ಹೇಳಲಿಲ್ಲ ಅಬ್ಬಾ?’

‘ನಿನ್ನ ಮನೆ, ನಿನ್ನ ಗೋಡೆ. ನಾನು ಯಾಕೆ ಹೇಳಲಿ?’

ಬೆಳಕು ಸಾಲದೆಂದು ಅವರು ಪರದೆ ಸರಿಸಲು ಹೇಳಿದರು. ನಾವು ಒಂದು ಕ್ಷಣ ತಡೆದೆವು. ಅಷ್ಟರಲ್ಲಿ ಮಗಳು ಬಂದು ಪರದೆಯನ್ನು ಕಂಬಿಯಿಂದಲೇ ಕಳಚಿ, ‘ಹೇಗೂ ಒಗೆಯಬೇಕಿತ್ತು’ ಎಂದು ಬಚ್ಚಲಿಗೆ ಒಯ್ದಳು. ಬಿಸಿಲು ಹೊಸಿಲು ದಾಟಿ ನೇರವಾಗಿ ಗೋಡೆಯ ಮೇಲೆ ಬಿತ್ತು. ಬೀದಿಯಲ್ಲಿ ಚಾಪೆ ಹಿಡಿದ ಇಬ್ಬರು ಹುಡುಗಿಯರು ಹೋದರು. ಎದುರು ಮನೆಯ ಅಜ್ಜಿ ರಂಗೋಲಿ ಮುಗಿಸಿ ಕೈ ತೊಳೆಯುತ್ತಿದ್ದವರು ಅಬ್ಬಾನನ್ನು ಕಂಡು, ‘ಕಣ್ಣು ಹೇಗಿದೆ ಸಾಹೇಬ್ರೇ?’ ಎಂದು ಅಲ್ಲಿಂದಲೇ ಕೂಗಿ ಕೇಳಿದರು. ‘ಒಂದು ಹೊಸದು, ಒಂದು ಹಳೇದು ಅಮ್ಮಾ’ ಎಂದು ಅಬ್ಬಾ ಕೂಗಿ ಹೇಳಿದರು.

ಆಮೇಲೆ ಎದ್ದು ಗೋಡೆಯ ಹತ್ತಿರ ಹೋಗಿ, ಹೊಸ ಕಣ್ಣನ್ನು ಅದಕ್ಕೆ ಹತ್ತಿರ ತಂದು, ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದರು. ಒಂದು ಮೂಲೆಯನ್ನು ಬೆರಳಿನಿಂದ ಸವರಿದರು.

‘ಇಲ್ಲಿ ಎರಡನೇ ಕೋಟು ಸರಿಯಾಗಿ ಬಿದ್ದಿಲ್ಲ. ಆ ಹುಡುಗನ್ನ ಕರೆಸು.’